ಕಾದು ನಿಂತುಹೋಗುವ ಕಟರ್ ಮಷೀನು

ನಮ್ಮ ಪಡಸಾಲೆಯಲ್ಲಿ ನನ್ನ ಹೊಲಿಗೆ ಯಂತ್ರದ ಮಗ್ಗುಲಿಗೆ ಇನ್ನೊಂದು ಯಂತ್ರ ಕುಳಿತಿದೆ. ಕುಪ್ಪಸ ಹೊಲಿದು ಉಳಿದ ತುಂಡುಗಳನ್ನೇ ಜೋಡಿಸಿ ಅದಕ್ಕೊಂದು ಗವಸು ಮಾಡಿದ್ದೇನೆ. ಕೆಂಪು, ಹಸಿರು, ಅಲ್ಲಲ್ಲಿ ಒಂದಿಷ್ಟು ಜರಿಯಂಚು. ಅಳತೆ ಕೊಡಲು ಬಂದ ಹೆಣ್ಣುಮಕ್ಕಳು ಆ ಸಿಂಗಾರ ನೋಡಿ ಒಳಗೆ ಹಾರ್ಮೋನಿಯಂ ಇರಬೇಕೆಂದುಕೊಳ್ಳುತ್ತಾರೆ. ‘ಪೇಟಿ ಬಾರಸ್ತೀರೇನ್ರಿ ಅಕ್ಕಾರ?’ ಎಂದು ಕೇಳಿದವರೂ ಇದ್ದಾರೆ. ಬಾರಿಸುತ್ತೇನೆ, ಆದರೆ ಕೇಳಲು ಯಾರೂ ಹತ್ತಿರ ಕೂಡುವುದಿಲ್ಲ ಎಂದು ಹೇಳಿ ಗವಸು ಎತ್ತಿ ತೋರಿಸುತ್ತೇನೆ. ಮರ ಕೊಯ್ಯುವ ಕಟರ್ ಮಷೀನು. ಪೆಟ್ರೋಲ್ ಕುಡಿದು ಓಡುವಂಥದು, ಹಲ್ಲಿನ ಚೈನು ಗರಗರ ತಿರುಗುವಂಥದು. ಹೊಸದೇನಲ್ಲ. ಯಾರೋ ಬಳಸಿ, ಬೇಸತ್ತು, ಮಾರಿದ್ದು.

ಬಂದವರು ಅದನ್ನೊಮ್ಮೆ ನೋಡುತ್ತಾರೆ, ನನ್ನನ್ನೊಮ್ಮೆ ನೋಡುತ್ತಾರೆ. ನೋಡುವುದು ಸಹಜವೇ. ನನಗೀಗ ಐವತ್ತೆಂಟು. ಮಂಡಿ ನೋಯುತ್ತದೆ, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು, ಹಲ್ಲಿಯನ್ನು ಕಂಡರೆ ಇವತ್ತಿಗೂ ಕಾಟಿನ ಮೇಲೆ ಹತ್ತುತ್ತೇನೆ. ಇಂಥ ಹೆಂಗಸು ಮರ ಕೊಯ್ಯುವ ಯಂತ್ರ ಯಾಕೆ ಇಟ್ಟುಕೊಂಡಿದ್ದಾಳೆ ಎಂದು ಅವರು ಕೇಳುವುದಿಲ್ಲ, ಕೇಳದೆ ಹೋಗುವುದೂ ಇಲ್ಲ. ಆದ್ದರಿಂದ ಹೇಳಿಬಿಡುತ್ತೇನೆ.

ನಮ್ಮದು ಕಾಗವಾಡದ ಕಡೆಗೆ ಜುಗೂಳ. ಊರ ಬೆನ್ನಿಗೇ ಕೃಷ್ಣೆ. ಹೊಳೆ ಬಂದ ವರ್ಷ ನಾವು ಗಂಟುಮೂಟೆ ಕಟ್ಟಿಕೊಂಡು ಎತ್ತರದ ಜಾಗಕ್ಕೆ ಹೋಗುತ್ತೇವೆ, ಇಳಿದ ಮೇಲೆ ಬಂದು ಮನೆ ತೊಳೆಯುತ್ತೇವೆ. ಅದರ ಬಗ್ಗೆ ಬಹಳ ಮಾತಾಡುವುದಿಲ್ಲ. ಆ ಸಲದ ಹೊಳೆ ಇಳಿದಾಗ ಮನೆಗೆ ಹೆಚ್ಚಿನ ಕೇಡೇನೂ ಆಗಿರಲಿಲ್ಲ. ಆದರೆ ಹೊಲದ ದಾರಿಯ ಮೇಲೆ ಒಂದು ದೊಡ್ಡ ಜಾಲಿಮರ ಬೇರುಸಹಿತ ಮಲಗಿತ್ತು. ತೆಕ್ಕೆಗೆ ಸಿಗದಷ್ಟು ದಪ್ಪ. ದಾರಿಯ ಒಂದು ಬದಿಗೆ ನಾಲೆ, ಇನ್ನೊಂದು ಬದಿಗೆ ನಮ್ಮ ಭಾವನ ಒಡ್ಡು. ಸುತ್ತು ಹಾಕಿ ಹೋಗಲು ಜಾಗವಿಲ್ಲ. ದಾರಿಯ ಆ ತುದಿಗೆ ನಮ್ಮ ಕಬ್ಬು.

ಭಾವ ಎಂದರೆ ನನ್ನ ಗಂಡನ ದೊಡ್ಡಪ್ಪನ ಮಗ, ಅಣ್ಣಾಸಾಹೇಬ. ಆ ದಾರಿಯಲ್ಲಿ ಅಜ್ಜಂದಿರ ಕಾಲದಿಂದ ಎರಡೂ ಮನೆಯ ಚಕ್ಕಡಿಗಳು ಓಡಾಡಿವೆ. ಆದರೆ ಭಾವನ ಹೊಲಕ್ಕೆ ಈಚೆಗೆ ಡಾಂಬರು ರಸ್ತೆಯ ಕಡೆಯಿಂದ ಬೇರೆ ಹಾದಿ ಆಗಿತ್ತು. ಹಾಗಾದಂದಿನಿಂದ ಹಳೆಯ ದಾರಿ ಅವರ ಕಣ್ಣಿಗೆ ದಾರಿಯಾಗಿ ಉಳಿದಿರಲಿಲ್ಲ, ಸುಮ್ಮನೆ ಬಿದ್ದ ಒಳ್ಳೆಯ ಮಣ್ಣಾಗಿತ್ತು. ವರ್ಷ ವರ್ಷ ಅವರ ಒಡ್ಡು ಒಂದೊಂದು ಗೇಣು ಈಚೆಗೆ ಸರಿಯುತ್ತಿತ್ತು. ಮರ ಬಿದ್ದಿದ್ದು ಅವರ ಒಡ್ಡಿನ ಮೇಲಿಂದಲೇ. ಅದನ್ನು ತೆಗೆಸಿಕೊಡಿ ಎಂದು ಕೇಳಲು ನಾನೂ ನಮ್ಮವರೂ ಹೋದೆವು.

‘ಮರ ನಂದಲ್ಲ, ನಾ ಕೆಡವಿಲ್ಲ. ಹೊಳಿ ಕೆಡವೇತಿ,’ ಎಂದರು ಭಾವ. ‘ದಾರಿ ಬೇಕಾದವ್ರು ತಗದ್ಕೊಳ್ರಿ.’

ನಮ್ಮವರು ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಶಾಂತ ಸ್ವಭಾವ. ಜಗತ್ತಿನ ಎಲ್ಲ ಜಗಳಗಳೂ ಎದುರುಬದುರು ಕೂತು ಮಾತಾಡಿದರೆ ಮುಗಿಯುತ್ತವೆ ಎಂದು ನಂಬಿದವರು. ಆಮೇಲೂ ಹಲವು ಸಲ ಮಾತಾಡಲು ಹೋದರು. ಪ್ರತಿ ಸಲವೂ ಚಹಾ ಕುಡಿದು ಬಂದರು. ಏನಾಯಿತೆಂದರೆ, ‘ಚಹಾ ಭಾಳ ಛಲೋ ಮಾಡ್ಯಾರ’ ಎನ್ನುತ್ತಿದ್ದರು.

ನಾನು ಮರ ಕೊಯ್ಯುವವನೊಬ್ಬನನ್ನು ಗೊತ್ತುಮಾಡಿದೆ. ಅವನು ಬಂದ, ಭಾವ ಅವನನ್ನು ದಾರಿಯಲ್ಲೇ ನಿಲ್ಲಿಸಿ, ಇಲ್ಲಿ ಹೊಲದ ಹದ್ದಿನ ತಕರಾರಿದೆ, ಮಷೀನು ಹಚ್ಚಿದರೆ ನಿನ್ನ ಮೇಲೂ ಬರುತ್ತದೆ ಎಂದು ಹೇಳಿ ವಾಪಸು ಕಳಿಸಿದರು. ಆ ಮಾತು ಹರಡಿತು. ಆಮೇಲೆ ಯಾರನ್ನು ಕೇಳಿದರೂ ಒಬ್ಬನಿಗೆ ಮೈಗೆ ಆರಾಮಿಲ್ಲ, ಇನ್ನೊಬ್ಬನ ಮನೆಯಲ್ಲಿ ಮದುವೆ. ಸಕ್ಕರೆ ಕಾರ್ಖಾನೆಯವರು ನಮ್ಮ ಕಬ್ಬಿನ ಕಟಾವಿಗೆ ಪಾಳಿ ಕೊಟ್ಟಾಗಿತ್ತು. ದೀಪಾವಳಿ ಕಳೆದ ಮೇಲೆ ಕಡಿಯುವವರ ಟೋಳಿ ಬರುತ್ತದೆ. ಅವರ ಟ್ರ್ಯಾಕ್ಟರು ಹೊಲದೊಳಗೆ ಹೋಗದಿದ್ದರೆ ಪಾಳಿ ಮುಂದಿನವರಿಗೆ. ನಮ್ಮ ಕಬ್ಬು ಅಲ್ಲೇ ತುರಾಯಿ ಬಿಟ್ಟು, ಒಣಗಿ, ಸೊರಗುತ್ತದೆ. ಮರುವರ್ಷದ ಹೊತ್ತಿಗೆ ದಾರಿಯ ಮೇಲೆ ಭಾವನ ಗೋವಿನಜೋಳ ತೂಗಾಡುತ್ತಿರುತ್ತದೆ. ಅದೂ ನನಗೆ ಕಾಣುತ್ತಿತ್ತು.

ಯಾರೂ ಬರುವುದಿಲ್ಲವಾದರೆ ನಾನೇ ಕೊಯ್ಯುತ್ತೇನೆ ಎಂದೆ. ಸಿಟ್ಟಿನಲ್ಲಿ ಅಂದದ್ದು. ನಮ್ಮವರು ನಕ್ಕರು. ಅವರು ನಗದೆ ಇದ್ದಿದ್ದರೆ ಬಹುಶಃ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ನನ್ನ ತವರು ನಿಪ್ಪಾಣಿ. ಅಲ್ಲಿ ನನ್ನ ಅಪ್ಪನದು ಹಿಟ್ಟಿನ ಗಿರಣಿ. ತಂಬಾಕಿನ ವಖಾರಿಗಳ ನಡುವೆ ಇದ್ದ ಗಿರಣಿಯಾದ್ದರಿಂದ ನಮ್ಮ ಓಣಿಯ ಗಾಳಿಯಲ್ಲಿ ಅರ್ಧ ಜೋಳದ ಹಿಟ್ಟು, ಅರ್ಧ ತಂಬಾಕಿನ ಘಾಟು. ಹೊಸದಾಗಿ ಬಂದ ಸೊಸೆಯಂದಿರು ಸೀನಿ ಸೀನಿ ಸಾಕಾಗಿ ತವರಿಗೆ ಹೋಗಿ ಬರುತ್ತಿದ್ದರು. ಗಿರಣಿಗೆ ಡೀಸೆಲ್ ಇಂಜಿನ್ನು. ಅದನ್ನು ತಣ್ಣಗಿಡಲು ಸುತ್ತ ನೀರು ಹರಿಯುತ್ತಿತ್ತು, ಆ ನೀರು ಕಾದು ಬಂದು ಹೊರಗಿನ ಸಿಮೆಂಟಿನ ಹೌದಿಗೆ ಬೀಳುತ್ತಿತ್ತು. ಚಳಿಗಾಲದಲ್ಲಿ ಓಣಿಯ ಹೆಂಗಸರೆಲ್ಲ ಕೊಡ ಹಿಡಿದುಕೊಂಡು ಆ ಬಿಸಿನೀರಿಗೆ ಬರುತ್ತಿದ್ದರು. ನಮ್ಮ ಓಣಿಯ ಮಕ್ಕಳೆಲ್ಲ ಇಂಜಿನ್ನಿನ ನೀರಿನಲ್ಲಿ ಸ್ನಾನ ಮಾಡಿ ಬೆಳೆದವರು. ಮೈಗೆ ಒಂದು ಬಗೆಯ ಡೀಸೆಲ್ ವಾಸನೆ. ಶಾಲೆಯಲ್ಲಿ ಮಾಸ್ತರು ಕಣ್ಣು ಮುಚ್ಚಿಕೊಂಡೇ ನಾವು ಯಾವ ಓಣಿಯವರೆಂದು ಹೇಳುತ್ತಿದ್ದರು.

ನನಗೆ ಇಂಜಿನ್ನಿನ ಹತ್ತಿರ ನಿಲ್ಲುವ ಆಸೆ. ಅಪ್ಪ ಬಿಡುತ್ತಿರಲಿಲ್ಲ. ಹೆಣ್ಣುಹುಡುಗಿ, ಉದ್ದ ಜಡೆ, ಗರಗರ ತಿರುಗುವ ಇಂಜಿನ್ನಿನ ಪಟ್ಟಾಕ್ಕೆ ಸಿಕ್ಕರೆ ತಲೆಯನ್ನೇ ಎಳೆದುಕೊಂಡು ಹೋಗುತ್ತದೆ ಎನ್ನುತ್ತಿದ್ದ. ನನ್ನ ತಮ್ಮ ಮಾತ್ರ ಎಣ್ಣೆಯ ಡಬ್ಬಿ ಹಿಡಿದು ಇಂಜಿನ್ನಿನ ಸುತ್ತ ಗಿರಕಿ ಹೊಡೆಯುತ್ತಿದ್ದ. ಒಂದು ದಿನ ನಾನು ಅವ್ವನ ಕತ್ತರಿ ತೆಗೆದುಕೊಂಡು ಜಡೆಯನ್ನು ಕುತ್ತಿಗೆಯ ಹತ್ತಿರಕ್ಕೆ ಕತ್ತರಿಸಿ ಹಾಕಿದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಗಿರಣಿಗೆ ಹೋಗಿ, ಈಗ ಪಟ್ಟಾಕ್ಕೆ ಏನು ಸಿಗುತ್ತದೆ ಹೇಳು ಎಂದು ಅಪ್ಪನ ಮುಂದೆ ನಿಂತೆ. ಅವ್ವ ಅಳತೊಡಗಿದಳು. ಬೀಸಲು ಬಂದ ಹೆಂಗಸರು, ಇವಳನ್ನು ಇನ್ನು ಯಾರು ಮದುವೆಯಾಗುತ್ತಾರೆ ಎಂದರು. ಅಪ್ಪ ಸಂಜೆ ಇಂಜಿನ್ ನಿಲ್ಲಿಸಿದ ಮೇಲೆ ನನ್ನನ್ನು ಕರೆದು, ಅದರ ಯಾವ ಯಾವ ಬಾಯಿಗೆ ಎಣ್ಣೆ ಬಿಡಬೇಕೆಂದು ತೋರಿಸಿದ. ಮದುವೆಯೂ ಆಯಿತು ನೋಡಿ, ಜಡೆ ಬೆಳೆಯುತ್ತದೆ.

ಹೀಗಾಗಿ ಮಷೀನು ಹುಡುಕಲು ನಾನು ಹೋದದ್ದು ನಿಪ್ಪಾಣಿಗೇ. ತಮ್ಮನ ಗುರುತಿನವರೊಬ್ಬರು ಮರದ ಕೆಲಸ ಬಿಟ್ಟು ಬೇರೆ ದಂಧೆಗೆ ಇಳಿದಿದ್ದರು. ಅವರ ಬಳಿ ಈ ಮಷೀನಿತ್ತು. ಹಗ್ಗ ಎಳೆದೊಡನೆ ಸುರುವಾಯಿತು, ಭರ್ರೆಂದು ಕೂಗಿತು. ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕು, ಚೈನು ಎಷ್ಟು ಬಿಗಿ ಇರಬೇಕು, ಬ್ರೇಕು ಹೇಗೆ ಹಾಕಬೇಕು ಎಲ್ಲ ಹೇಳಿಕೊಟ್ಟರು. ಒಂದು ಬೊಡ್ಡೆಯ ಮೇಲೆ ನನ್ನ ಕೈಯಿಂದಲೇ ಕೊಯ್ಯಿಸಿದರು. ಸ್ವಲ್ಪ ಹೊತ್ತು ಓಡಿಸಿದ ಮೇಲೆ ಕಾಯುತ್ತದೆ, ಆರಲು ಬಿಡಬೇಕು ಎಂದೂ ಹೇಳಿದರು. ಅದೂ ಮನುಷ್ಯರ ಹಾಗೆ, ದಣಿವು ಆರಿಸಿಕೊಳ್ಳಲಿ ಎಂದು ನಾನು ಉದಾರವಾಗಿ ತಲೆಯಾಡಿಸಿದೆ.

ಮನೆಗೆ ತಂದಾಗ ಮೊದಲ ವಿಘ್ನ ನಮ್ಮ ಅತ್ತೆ. ಎಂಬತ್ತು ದಾಟಿದ ಜೀವ, ದಿನಾ ಬಸದಿಗೆ ಹೋಗಿ ಬರದೆ ನೀರು ಮುಟ್ಟುವುದಿಲ್ಲ. ಇರುವೆ ಕಂಡರೆ ಸುತ್ತಿಕೊಂಡು ನಡೆಯುವವರು. ಅವರಿಗೆ ಇಂಥ ಹಲ್ಲಿನ ಮಷೀನು ಮನೆಯೊಳಗೆ ಬಂದದ್ದು ಸರಿಕಾಣಲಿಲ್ಲ. ಆದರೆ ದಾರಿ ಹೋದರೆ ಹೊಲವೂ ಹೋದಂತೆ ಎಂಬುದೂ ಅವರಿಗೆ ತಿಳಿಯುತ್ತಿತ್ತು. ಒಂದಿಡೀ ದಿನ ವಿಚಾರ ಮಾಡಿ ತೀರ್ಪು ಕೊಟ್ಟರು.

‘ಹಸಿರ ಎಲಿ ಇರೂತನಕ ಕೈ ಹಚ್ಚಬ್ಯಾಡ ಪದ್ಮಾ. ಒಣಗಿದ ಮ್ಯಾಲೆ ಕೊಯ್ಯಿ. ಕೊಯ್ಯೂಮುಂದ ಬಡಗಿಲೆ ನಾಕ ಸಲ ಬಡದು, ಇರಬಿ ಹುಳ ಹೋಗಲಿ ಅಂತ ಸ್ವಲ್ಪ ಹೊತ್ತ ಕೂಡು.’

ಹಾಗೇ ಮಾಡಿದೆ. ಎಲೆ ಪೂರ ಒಣಗಿ ಉದುರುವ ತನಕ ಕಾದೆ. ಕೊಯ್ಯುವ ದಿನ ನಮ್ಮವರ ಸ್ಕೂಟರ್ ಹೆಲ್ಮೆಟ್ಟು, ಅವರ ತುಂಬುತೋಳಿನ ಅಂಗಿ, ಕಾಲಿಗೆ ಪಕ್ಕದ ಮನೆಯಿಂದ ಕೇಳಿ ತಂದ ಕ್ರಿಕೆಟ್ ಪ್ಯಾಡು. ಹಾದಿಯಲ್ಲಿ ಸಿಕ್ಕವರು ಮ್ಯಾಚು ಎಲ್ಲಿದೆ ಎಂದು ಕೇಳಿದರು. ನಮ್ಮವರು ಹಿಂದೆ ಸುತ್ತಿಗೆಯನ್ನೂ ಮರದ ಬೆಣೆಗಳನ್ನೂ ಹೊತ್ತು ಬಂದರು, ನಾನು ಇವಳ ಜೊತೆಗಿಲ್ಲ ಎಂಬ ಮುಖ ಮಾಡಿಕೊಂಡು. ಬಡಿಗೆಯಿಂದ ಮರ ಬಡಿದೆವು, ಕೂತೆವು. ಇರುವೆಗಳು ಗಡಿಬಿಡಿಯಿಲ್ಲದೆ ಸಾಲು ಹಿಡಿದು ಹೋದವು. ಆಮೇಲೆ ಹಗ್ಗ ಎಳೆದೆ.

ಮೊದಲಿಗೆ ಕೊಂಬೆಗಳು. ಅವು ಬೆಣ್ಣೆಯಂತೆ ಹೋದವು. ನನಗೆ ಸೊಕ್ಕು ಬಂತು. ಕಾಂಡಕ್ಕೆ ಹಚ್ಚಿದೆ. ಸ್ವಲ್ಪ ಹೊತ್ತಿಗೆಲ್ಲ ಹೊಗೆ ವಾಸನೆ, ಚೈನು ಸುತ್ತುವ ಕಬ್ಬಿಣದ ಪಟ್ಟಿಯ ಕೆಳಗಿನಿಂದ ಬರುವ ಮರದ ಚೂರುಗಳು ಸಣ್ಣಗಾಗುತ್ತಾ ರವೆಯಾಗಿ, ಹಿಟ್ಟಾಗಿ, ಕೊನೆಗೆ ಬರುವುದೇ ನಿಂತಿತು. ಮಷೀನು ಕೊಸರಾಡಿ ಬಂದಾಯಿತು. ಮುಟ್ಟಿದರೆ ಕೈ ಸುಡುತ್ತಿತ್ತು. ಆರಲು ಬಿಟ್ಟೆ. ಮತ್ತೆ ಸುರುಮಾಡಿದರೆ ಇನ್ನೂ ಬೇಗ ಬಂದಾಯಿತು. ಮೂರನೆಯ ಸಲ ಹಗ್ಗ ಎಳೆದು ಎಳೆದು ನನ್ನ ರಟ್ಟೆ ಸೋತಿತು, ಅದು ಏಳಲಿಲ್ಲ.

ಇಲ್ಲಿ ಒಂದು ಮಾತು. ಕಾದದ್ದನ್ನು ತಣ್ಣಗೆ ಮಾಡಬೇಕೆಂದರೆ ಹೆಂಗಸಿಗೆ ಮೊದಲು ಹೊಳೆಯುವುದೇನು? ಜ್ವರ ಬಂದ ಕೂಸಿಗೆ ಹಾಕಿದ ಹಾಗೆ ಒದ್ದೆ ಬಟ್ಟೆ ಹಾಕುವುದು. ಹಾಕಿಯೇಬಿಟ್ಟೆ. ಚುಂಯ್ ಎಂದಿತು. ಕಾದ ಇಂಜಿನ್ನಿಗೆ ನೀರು ತಾಗಿಸಿದರೆ ಬಿರಿದೀತು ಎಂದು ಆಮೇಲೆ ತಮ್ಮನಿಂದ ಬೈಸಿಕೊಂಡೆ. ಇನ್ನೊಂದು ದಿನ, ಎಣ್ಣೆ ಹೆಚ್ಚಾದರೆ ತಂಪು ಹೆಚ್ಚಾದೀತು ಎಂದುಕೊಂಡು ಪೆಟ್ರೋಲಿಗೆ ಆಯಿಲ್ ಸುರಿದೆ. ಅದು ಊರೆಲ್ಲ ಸೊಳ್ಳೆ ಓಡಿಸುವಷ್ಟು ಹೊಗೆ ಬಿಟ್ಟು, ಪ್ಲಗ್ಗಿನ ಮೂತಿಗೆ ಮಸಿ ಹಿಡಿಸಿಕೊಂಡು ಮಲಗಿತು. ಒಡ್ಡಿನ ಮೇಲೆ ಕೂತ ಭಾವ ನೋಡುತ್ತಿದ್ದರು. ತಮ್ಮ ಮನೆಯಿಂದ ನಮಗೆ ಚಹಾ ಕಳಿಸಿದರು. ನನಗೆ ಅದಕ್ಕಿಂತ ಬೈಗುಳ ಹಿತವಾಗುತ್ತಿತ್ತು. ನಮ್ಮವರು ಕುಡಿದರು.

ಮನೆಗೆ ಬಂದು ಮಷೀನನ್ನು ಪಡಸಾಲೆಯಲ್ಲಿ ಹಳೆಯ ಸೀರೆ ಹಾಸಿ ಅದರ ಮೇಲೆ ಬಿಚ್ಚಿದೆ. ನಾನು ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು. ದಾರದ ನವಿರು ಹಲ್ಲಿನ ಕೆಳಗೆ ಕಟ್ಟಿಕೊಂಡರೆ ಅದೂ ಬಿಸಿಯಾಗಿ ಬಿಗಿಯುತ್ತದೆ. ಇದರ ಮುಚ್ಚಳ ತೆಗೆದು ನೋಡಿದರೆ ಇಂಜಿನ್ನಿನ ಸುತ್ತ ಗಾಳಿಯಾಡಲೆಂದು ಇರುವ ತೆಳು ಪದರುಗಳ ನಡುವೆ ಮರದ ಹಿಟ್ಟು, ಎಣ್ಣೆ ಸೇರಿ, ಸುಟ್ಟು, ಹೂರಣದ ಹಾಗೆ ಕೂತಿತ್ತು. ಗಾಳಿ ಎಲ್ಲಿಂದ ಹೊಗಬೇಕು? ಹಳೆಯ ಹಲ್ಲುಜ್ಜುವ ಬ್ರಷ್ಷು, ಕ್ರೋಷಾ ಸೂಜಿ ಹಿಡಿದು ಎಲ್ಲ ಕೆರೆದು ತೆಗೆದೆ. ಚೈನಿಗೆ ಎಣ್ಣೆ ಬರುವ ತೂತೂ ಹಾಗೇ ಮುಚ್ಚಿಹೋಗಿತ್ತು. ಅದಕ್ಕೇ ಪಟ್ಟಿ ನೀಲಿಯಾಗುವಷ್ಟು ಕಾದಿತ್ತು. ಅದನ್ನೂ ಬಿಡಿಸಿದೆ. ಇನ್ನು ಚೈನಿನ ಹಲ್ಲು. ಹೊಳೆಯಲ್ಲಿ ಮುಳುಗಿದ್ದ ಮರದ ತೊಗಟೆಯ ಸಂದಿಗಳಲ್ಲೆಲ್ಲ ಮರಳುಗೂಡಿದ ರೇವೆ ತುಂಬಿತ್ತು. ನಾನು ಇಷ್ಟು ದಿನ ಮರ ಕೊಯ್ದಿರಲಿಲ್ಲ, ಮರಳು ಕೊಯ್ದಿದ್ದೆ. ಹಲ್ಲು ಮೊಂಡಾದರೆ ಮಷೀನು ಬರೀ ಉಜ್ಜುತ್ತದೆ, ಉಜ್ಜಿದರೆ ಕಾಯದೆ ಇನ್ನೇನಾದೀತು. ನಮ್ಮವರು ಕಾನಸು ಎಂಬ ಅರ ತಂದು, ಕನ್ನಡಕ ಏರಿಸಿಕೊಂಡು, ಒಂದೊಂದೇ ಹಲ್ಲನ್ನು ವಿದ್ಯಾರ್ಥಿಯ ಕಾಪಿ ತಿದ್ದುವ ತಾಳ್ಮೆಯಿಂದ ಉಜ್ಜಿ ಹರಿತ ಮಾಡಿದರು. ಅವರು ನನ್ನ ಕಡೆಗೆ ವಾಲಿದ್ದು ಆ ಮಧ್ಯಾಹ್ನ. ಮಾತಾಡಿ ಮುಗಿಯದ ಜಗಳಕ್ಕೆ ಅವರಿಗೂ ಒಂದು ಕೆಲಸ ಸಿಕ್ಕಿತ್ತು.

ಮರುದಿನ ತೊಗಟೆಯನ್ನು ಕೊಡಲಿಯಿಂದ ಕೆತ್ತಿ ತೆಗೆದು ಮಷೀನು ಹಚ್ಚಿದೆವು. ಚೂರುಗಳು ಅವಲಕ್ಕಿಯಷ್ಟು ಅಗಲವಾಗಿ ಹಾರಿದವು. ಚೈನು ಕಾಯಲಿಲ್ಲ. ಗೆದ್ದೆ ಎಂದುಕೊಂಡೆ. ಆದರೆ ಇಂಜಿನ್ನು ಮಾತ್ರ ಮೊದಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ತಾಳಿ, ಮತ್ತೆ ಕಾದು, ಮತ್ತೆ ನಿಂತಿತು. ಅಷ್ಟರಲ್ಲಿ ಹೊತ್ತು ಇಳಿದಿತ್ತು. ನಮ್ಮ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಪಡುವಣ ದಿಕ್ಕನ್ನೂ ದಾರಿಯನ್ನೂ ನೋಡುತ್ತಿದ್ದರು. ನಾವು ಮನೆ ಮುಟ್ಟುವಾಗ ಸೂರ್ಯ ಹೋಗಿಬಿಟ್ಟಿದ್ದ. ಕ್ರಿಕೆಟ್ ಪ್ಯಾಡು ಬಿಚ್ಚಿ, ಹಸಿದ ಹೊಟ್ಟೆಯಲ್ಲಿ ಮಲಗಿದೆ. ಮಷೀನಿನ ಮೇಲೆ ಬಂದಷ್ಟು ಸಿಟ್ಟು ನನಗೆ ಭಾವನ ಮೇಲೂ ಬಂದಿರಲಿಲ್ಲ.

ಚಿಕ್ಕೋಡಿಯಲ್ಲಿ ದಸ್ತಗೀರ ಎಂಬ ಮಿಸ್ತ್ರಿ ಇಂಥ ಮಷೀನುಗಳನ್ನು ರಿಪೇರಿ ಮಾಡುತ್ತಾನೆ ಎಂದು ತಿಳಿದು, ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಚೀಲದಲ್ಲಿ ಏನೆಂದು ಕೇಳಿದ, ಮಷೀನು ಎಂದೆ, ಹೊಲಿಗೆ ಮಷೀನು ಎಂದುಕೊಂಡು ಸುಮ್ಮನಾದ. ದಸ್ತಗೀರ ಹಗ್ಗ ಎಳೆದು, ಒಂದು ಗಳಿಗೆ ಓಡಿಸಿ, ಸೈಲೆನ್ಸರಿನ ಕಡೆ ಮೂಗು ತಂದು, ಬಂದ್ ಮಾಡಿದ.

‘ಪಿಸ್ಟನ್ ಹೋಗೇತ್ರಿ ಅಕ್ಕಾರ. ಇದಕ್ಕ ಖರ್ಚ ಮಾಡಬ್ಯಾಡ್ರಿ. ಬಿಚ್ಚಿ ಸಾಮಾನ ಮಾರಬೇಕು ಅಷ್ಟ.’

ಬೇರೆಯ ಮಾತಾಗಿದ್ದರೆ ಒಪ್ಪುತ್ತಿದ್ದೆನೇನೋ. ಆದರೆ ಆ ಹೊತ್ತಿಗೆ ಆ ಹಗ್ಗವನ್ನು ನಾನು ಎಷ್ಟು ಸಲ ಎಳೆದಿದ್ದೆನೆಂದರೆ ಅದರ ಎಳೆತ ನನ್ನ ಭುಜಕ್ಕೆ ಗೊತ್ತಿತ್ತು. ಪಿಸ್ಟನ್ ಸವೆದಿದ್ದರೆ ಹಗ್ಗ ಪುಸಕ್ಕನೆ ಬರಬೇಕು. ಇದು ಪ್ರತಿ ಸಲವೂ ಕೈಯನ್ನು ಹಿಂದಕ್ಕೆ ಜಗ್ಗುತ್ತಿತ್ತು. ಅದನ್ನೇ ಹೇಳಿದೆ. ಅವನು, ಅದೆಲ್ಲ ನಿಮಗೆ ತಿಳಿಯುವುದಿಲ್ಲ ಎನ್ನಲಿಲ್ಲ. ಆದರೆ ಹಾಗೆ ನಕ್ಕ. ಅಂಗಡಿಯ ಮುಂದೆ ಕೂತಿದ್ದ ಇನ್ನಿಬ್ಬರು ಗಂಡಸರೂ ನಕ್ಕರು. ಸಾಮಾನಿಗೆಂದು ತಾನೇ ಇಟ್ಟುಕೊಳ್ಳುತ್ತೇನೆ ಎಂದು ಅವನು ಮಷೀನಿನ ಹಿಡಿಗೆ ಕೈ ಹಾಕಿದ. ನಾನೂ ಹಾಕಿದೆ. ಸ್ವಲ್ಪ ಹೊತ್ತು ಇಬ್ಬರೂ ಅದನ್ನು ಹಿಡಿದುಕೊಂಡು ನಿಂತೆವು.

‘ಬರೇ ಸುರು ಮಾಡಿ ನೋಡಿದ್ರ ತಿಳಿಯೂದಿಲ್ಲ,’ ಎಂದೆ. ‘ಇದಕ್ಕ ಕಟಗಿ ಹಚ್ಚಿ ನೋಡ್ರಿ. ಕಾದ ಮ್ಯಾಲೆ ಏನ ಮಾಡ್ತೈತಿ ನೋಡ್ರಿ. ಅಲ್ಲೀತನಕ ನಾ ಇಲ್ಲಿಂದ ಏಳೂದಿಲ್ಲ.’

ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗಿರಾಕಿಗಳು ನನ್ನನ್ನು ದಾಟಿ ಹೋಗಬೇಕಾಯಿತು. ಕೊನೆಗೆ ಅವನು ಬೇಸರದಿಂದಲೇ ಎದ್ದು, ಹಿತ್ತಲಲ್ಲಿದ್ದ ಒಂದು ಬೊಡ್ಡೆಗೆ ಮಷೀನು ಹಚ್ಚಿದ. ಬೆಳ್ಳಗೆ ಚೂರು ಹಾರಿದವು. ಹಲ್ಲು ಯಾರು ಉಜ್ಜಿದರು ಎಂದು ಕೇಳಿದ. ನಮ್ಮ ಮಾಸ್ತರರು ಎಂದೆ. ಕೊಯ್ಯುತ್ತಾ ಹೋದ ಹಾಗೆ ಮಷೀನು ಕಾಯಿತು. ಕಾದ ಮೇಲೆ ಅವನು ಬೆರಳು ಸಡಿಲ ಬಿಟ್ಟರೂ ಅದರ ಕೂಗು ಇಳಿಯಲಿಲ್ಲ, ಹಟ ಮಾಡುವ ಕೂಸಿನಂತೆ ಒಂದೇ ಸಮ ಕಿರುಚಿತು. ಹೊಲದಲ್ಲೂ ಹಾಗೇ ಆಗುತ್ತಿತ್ತು. ಅದು ಅದರ ಹುರುಪು ಎಂದು ನಾನು ತಿಳಿದಿದ್ದೆ. ದಸ್ತಗೀರನ ಮುಖ ಬದಲಾಯಿತು. ಬಂದ್ ಮಾಡದೆ, ಚೈನಿಗೆ ಬ್ರೇಕು ಹಾಕಿ, ಮೇಲಿನ ಮುಚ್ಚಳ ತೆಗೆದು, ಕಾರ್ಬುರೇಟರಿನಿಂದ ಇಂಜಿನ್ನಿಗೆ ಹೋಗುವ ಗಿಡ್ಡ ರಬ್ಬರ್ ನಳಿಗೆಯ ಮೇಲೆ ಎರಡು ಹನಿ ಸಾಬೂನಿನ ನೀರು ಬಿಟ್ಟ. ನಳಿಗೆ ಆ ನೀರನ್ನು ಒಳಗೆ ಎಳೆದುಕೊಂಡಿತು. ಕೂಗಿನ ದನಿ ಒಮ್ಮೆ ಮುಗ್ಗರಿಸಿತು.

ಬಂದ್ ಮಾಡಿ ನಳಿಗೆ ಕಳಚಿ ನನ್ನ ಕೈಗೆ ಕೊಟ್ಟ. ನೋಡಲು ಚೆನ್ನಾಗಿಯೇ ಇತ್ತು. ಸ್ವಲ್ಪ ಬಗ್ಗಿಸಿದೆ, ಕೆಳಗಿನ ಮಡಿಕೆಯಲ್ಲಿ ಒಂದು ಸೀಳು ಬಾಯಿ ತೆರೆಯಿತು. ಬಿಟ್ಟರೆ ಮುಚ್ಚಿತು. ತೋಳೆತ್ತಿದಾಗ ಮಾತ್ರ ಕಾಣುವ ಕಂಕುಳ ಹರಕು ಇರುತ್ತದಲ್ಲ, ಹಾಗೆ. ತಣ್ಣಗಿದ್ದಾಗ ಕೂಡಿಕೊಂಡಿರುತ್ತಿತ್ತು, ಕಾದು ಅದುರತೊಡಗಿದರೆ ತೆರೆದುಕೊಳ್ಳುತ್ತಿತ್ತು. ಇಂಥ ಇಂಜಿನ್ನಿನಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಹೋಗುವುದು. ಸೀಳಿನಿಂದ ಬರೀ ಗಾಳಿ ಹೊಕ್ಕರೆ ಪೆಟ್ರೋಲೂ ಸಾಲದು, ಆಯಿಲೂ ಸಾಲದು, ಓಟ ಮಾತ್ರ ಜೋರು. ಕಾಯದೆ ಏನು ಮಾಡೀತು? ಇನ್ನಷ್ಟು ದಿನ ಹೀಗೇ ಓಡಿಸಿದ್ದರೆ ಪಿಸ್ಟನ್ ನಿಜವಾಗಿಯೂ ಹೋಗುತ್ತಿತ್ತು ಎಂದು ದಸ್ತಗೀರ ಹೇಳಿದ. ತಾನು ತಣ್ಣಗಿದ್ದಾಗ ನೋಡಿ ಮಾತಾಡಿದ್ದು ತಪ್ಪಾಯಿತು ಎಂದೂ ಹೇಳಿದ. ಚಹಾ ತರಿಸಿದ. ಆ ಚಹಾವನ್ನು ನಾನು ಕುಡಿದೆ.

ರಬ್ಬರಿನ ನಳಿಗೆ ಅವನಲ್ಲಿರಲಿಲ್ಲ. ಅಥಣಿಯ ಅಂಗಡಿಯೊಂದರಲ್ಲಿ ಸಿಗುತ್ತದೆಂದು ಫೋನು ಮಾಡಿ ಗೊತ್ತುಮಾಡಿಕೊಂಡ. ಬಸ್ಸಿನವರ ಕೈಲಿ ತರಿಸಿ ಹಾಕಿಟ್ಟಿರುತ್ತೇನೆ ಎಂದ. ನಾನು ಮತ್ತೆ ಹೋಗಿ ತರುವಷ್ಟರಲ್ಲಿ ಟೋಳಿಯವರು ಕಾಗವಾಡದ ಹತ್ತಿರ ಬಂದಿಳಿದ ಸುದ್ದಿ ಬಂತು. ನಮ್ಮ ಪಾಳಿಗೆ ಇನ್ನು ಹೆಚ್ಚು ದಿನವಿರಲಿಲ್ಲ.

ಆ ಸಲ ಬೆಳಿಗ್ಗೆಯೇ ಹೋದೆವು. ಪೆಟ್ರೋಲು ಆಯಿಲು ಸರಿಯಾಗಿ ಬೆರೆಸಿದ್ದೆ. ಮುಚ್ಚಳ ತೆಗೆದು ನಡುನಡುವೆ ಹಿಟ್ಟು ಕೆರೆದೆ. ಮಷೀನು ಕೂಗಬೇಕಾದಾಗ ಕೂಗಿತು, ಬೆರಳು ಬಿಟ್ಟಾಗ ಇಳಿದು ಗುರುಗುಟ್ಟಿತು. ನಾನು ಕೊಯ್ದ ಹಾಗೆ ನಮ್ಮವರು ಸೀಳಿನಲ್ಲಿ ಬೆಣೆ ಇಟ್ಟು ಬಡಿದರು, ಪಟ್ಟಿ ಸಿಕ್ಕಿಕೊಳ್ಳದಂತೆ. ಮಧ್ಯಾಹ್ನದ ಹೊತ್ತಿಗೆ ಮೊದಲ ತುಂಡು ಬಿಟ್ಟುಕೊಂಡು ಉರುಳಿತು. ಅದು ಬಿದ್ದ ಸಪ್ಪಳಕ್ಕೆ ನೆಲ ಅದುರಿದ್ದು ನನ್ನ ಪ್ಯಾಡಿನೊಳಗಿನ ಕಾಲಿಗೂ ತಿಳಿಯಿತು. ನಮ್ಮವರು ಸುತ್ತಿಗೆ ಕೆಳಗಿಟ್ಟು, ನನ್ನ ಕಡೆ ನೋಡಿ, ಹೆಲ್ಮೆಟ್ಟಿನ ಮೇಲೆ ಒಮ್ಮೆ ತಟ್ಟಿದರು. ಮದುವೆಯಾದಂದಿನಿಂದ ಅವರು ನನ್ನನ್ನು ಅಷ್ಟು ಎದ್ದುಕಾಣುವಂತೆ ಹೊಗಳಿದ್ದು ಅದೇ ಮೊದಲು. ಸೂರ್ಯ ಇಳಿಯುವ ಮೊದಲೇ ದಾರಿಯ ಅಗಲದಷ್ಟು ಮರ ತುಂಡಾಗಿ ಬದಿಗೆ ಸರಿದಿತ್ತು. ಊಟದ ಹೊತ್ತಿಗೆ ಮನೆಯನ್ನೂ ಮುಟ್ಟಿದೆವು.

ಮಾರನೆಯ ದಿನ ಭಾವ ನಮ್ಮ ಮನೆಗೆ ಬಂದರು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಕೂತರು. ದಾರಿಯ ಮಾತೇ ಎತ್ತಲಿಲ್ಲ. ಜಾಲಿ ಕಟ್ಟಿಗೆ ಗಟ್ಟಿ, ಬಾಗಿಲ ಚೌಕಟ್ಟಿಗೆ ಬರುತ್ತದೆ, ಮರ ತಮ್ಮ ಒಡ್ಡಿನ ಮೇಲಿದ್ದದ್ದು ಊರಿಗೇ ಗೊತ್ತು, ಆದ್ದರಿಂದ ತುಂಡುಗಳನ್ನು ಒಯ್ಯಲು ಗಾಡಿ ಕಳಿಸುತ್ತೇನೆ ಎಂದರು. ನಾನು ಉತ್ತರ ಕೊಡಲು ಬಾಯಿ ತೆರೆದೆ. ಅತ್ತೆ ಕೈ ಎತ್ತಿ ನನ್ನನ್ನು ತಡೆದರು.

‘ಒಯ್ಯೋ ಅಣ್ಣಾ, ಒಯ್ಯಿ,’ ಎಂದರು. ‘ಆದ್ರ ಮರ ನಿಂದು ಅಂದ್ರ, ನಮ್ಮ ದಾರಿ ಮ್ಯಾಲೆ ಅದನ್ನ ಇಷ್ಟ ದಿವಸ ಕೆಡವಿಟ್ಟಾವನೂ ನೀನ ಆದಿ. ಅದನ್ನ ನಾಲ್ಕ ಮಂದಿ ಮುಂದ ಹೇಳಿ ಒಯ್ಯಿ.’

ಭಾವ ನಮ್ಮವರ ಕಡೆ ನೋಡಿದರು. ನಮ್ಮವರು, ಅವ್ವ, ಅಣ್ಣ ಕೂತು ಮಾತಾಡುವಾಗ ತಾನು ನಡುವೆ ಬರಬಾರದೆಂಬಂತೆ ಚೈನಿನ ಹಲ್ಲು ಉಜ್ಜುತ್ತಿದ್ದರು. ಗಾಡಿ ಬರಲಿಲ್ಲ.

ಟೋಳಿ ಬಂತು. ಮಹಾರಾಷ್ಟ್ರದ ಬೀಡ ಕಡೆಯ ಮಂದಿ. ಗಂಡ ಹೆಂಡತಿ ಕೂಡಿ ಕಬ್ಬು ಕಡಿಯುವವರು, ಹೊಲದ ಬದಿಗೇ ಗುಡಿಸಲು ಹಾಕಿ ಒಲೆ ಹೂಡುವವರು. ಅವರ ಟ್ರ್ಯಾಕ್ಟರು ನಮ್ಮ ದಾರಿಯಲ್ಲಿ ಹಾದು ಹೊಲಕ್ಕಿಳಿಯಿತು, ಕಬ್ಬು ಹೇರಿಕೊಂಡು ಅದೇ ದಾರಿಯಲ್ಲಿ ಹೊರಬಂತು. ಅದರ ಗಾಲಿಯ ಗುರುತು ನಾಲೆಯ ಅಂಚಿನಿಂದ ಒಡ್ಡಿನ ತನಕ ಆಳವಾಗಿ ಮೂಡಿತು. ನಾನು ಅಲ್ಲಿಯೇ ನಿಂತು ಆ ಗುರುತು ನೋಡಿದೆ, ಬಹಳ ಹೊತ್ತು. ದಾರಿ ಎಂದರೆ ಗಾಲಿಯ ಗುರುತೇ ಹೊರತು ಬೇರೇನಲ್ಲ. ಅದು ಒಣಗಿ ಮಾಸುವುದರೊಳಗೆ ಇನ್ನೊಂದು ಗಾಲಿ ಹಾಯಬೇಕು ಅಷ್ಟೇ.

ಟೋಳಿಯ ಹೆಂಗಸರಲ್ಲಿ ಸಖೂಬಾಯಿ ಎಂಬುವಳು ಒಲೆಗೆ ಕೊಂಬೆ ಒಯ್ಯಲೇ ಎಂದು ಮರಾಠಿಯಲ್ಲಿ ಕೇಳಿದಳು. ಮುಳ್ಳು ಕೊಂಬೆ ಯಾಕೆ, ಕಾಂಡದ ತುಂಡನ್ನೇ ಒಲೆಯ ಅಳತೆಗೆ ಕೊಯ್ದು ಕೊಡುತ್ತೇನೆ ಎಂದು ಮಷೀನು ತಂದೆ. ಹೆಂಗಸರೆಲ್ಲ ಕಬ್ಬು ಕಡಿಯುವ ಕೊಯ್ತಾ ಕೆಳಗಿಟ್ಟು ಸುತ್ತ ನಿಂತರು. ನಡು ಮಧ್ಯಾಹ್ನ. ತುಂಡಿನ ಮೇಲೆ ತುಂಡು ಬೀಳುತ್ತಿದ್ದ ಹಾಗೆ ಭಾವನ ಮನೆಯ ಆಳು ಮಹಾದೇವ ಒಡ್ಡು ಹತ್ತಿ ಬಂದ. ಬಡಪಾಯಿ, ಮಾತು ತಂದದ್ದಕ್ಕೆ ಅವನಿಗೇ ನಾಚಿಕೆ. ನಾನು ಮಷೀನಿನ ಕೂಗು ಇಳಿಸಿದೆ. ಸಾವಕಾರರು ಊಟ ಮಾಡಿ ಅಡ್ಡಾಗಿದ್ದಾರಂತೆ; ಆಗಿನಿಂದ ಓಡುತ್ತಿದೆ, ಮಷೀನು ಕಾದಿರುತ್ತದೆ, ಇನ್ನು ಸ್ವಲ್ಪ ಆರಲು ಬಿಡಿರಿ ಎಂದು ಹೇಳಿ ಕಳಿಸಿದ್ದಾರಂತೆ.

‘ಈಗ ಕಾಯೂದಿಲ್ಲಪಾ ಇದು,’ ಎಂದೆ. ‘ಸಂಜೀತನಕ ಓಡ್ತೈತಿ ಅಂತ ಹೇಳು.’

ಮಹಾದೇವ ನಗು ತಡೆದುಕೊಂಡು ತಿರುಗಿ ಹೋದ. ಸಖೂಬಾಯಿ ಮುಂದಿನ ತುಂಡನ್ನು ಕಾಲಿನಿಂದ ನನ್ನ ಕಡೆಗೆ ಉರುಳಿಸಿದಳು. ನಾನು ಹೆಲ್ಮೆಟ್ಟಿನ ಗಾಜು ಕೆಳಗೆಳೆದುಕೊಂಡು ಬೆರಳು ಒತ್ತಿದೆ.